ನಿದ್ರೆಯ ಬಾಗಿಲಲ್ಲಿ ಕಾದವರು

೧೦೪ ವರ್ಷ ಬಾಳಿದ ಮನುಷ್ಯನು, ಲೋಕದ ಸಾಮಾನ್ಯ ಲೆಕ್ಕದ ಪ್ರಕಾರ, ಅದರಲ್ಲಿ ಮೂರನೆಯ ಒಂದು ಪಾಲನ್ನು ನಿದ್ರೆಯಲ್ಲಿ ಕಳೆದಿರಲೇಬೇಕು. ಉಳಿದ ಎರಡು ಪಾಲಿನಲ್ಲಿ ಬಹುಭಾಗವನ್ನು ಆ ನಿದ್ರೆಯೆಂದರೇನೆಂಬ ಒಂದೇ ಪ್ರಶ್ನೆಗೆ ಒಪ್ಪಿಸಿದ ಮಹನೀಯರು ನೆತಾನಿಯಲ್ ಕ್ಲೈಟ್‌ಮನ್. ಫ್ರಾಯ್ಡನ ಹೆಸರಿನಷ್ಟು ಈ ಹೆಸರು ನಮ್ಮವರ ನಾಲಗೆಯ ಮೇಲೆ ಓಡಾಡಿದ್ದಿಲ್ಲ. ಆದರೆ ನಿದ್ರೆಯ ವಿಷಯವಾಗಿ ಪ್ರಪಂಚದ ಯಾವ ಮೂಲೆಯಲ್ಲಿ ಯಾವ ವೈದ್ಯರು ಪುಸ್ತಕ ತೆರೆದರೂ ಮೊದಲ ಪುಟಗಳಲ್ಲಿ ಇವರಿಗೆ ನಮಸ್ಕರಿಸಿಯೇ ಮುಂದೆ ಹೋಗಬೇಕು.

ನಾನು ಕನ್ನಡ ಪಾಠ ಹೇಳುವವನು. ಶರೀರಶಾಸ್ತ್ರ ನನ್ನ ವಿಷಯವಲ್ಲ. ಆದರೂ ಈ ಜೀವನ ನನ್ನನ್ನು ಸೆಳೆದದ್ದಕ್ಕೆ ಕಾರಣವುಂಟು. ಕಣ್ಣಿಗೂ ಭಾವಕ್ಕೂ ಇರುವ ನಂಟನ್ನು ನಮ್ಮ ಪ್ರಾಚೀನರು ಚೆನ್ನಾಗಿ ಬಲ್ಲರು. ರಸಗಳಿಗೆ, ಸ್ಥಾಯಿಭಾವಗಳಿಗೆ, ಸಂಚಾರಿಭಾವಗಳಿಗೆ ತಕ್ಕಂತೆ ಭರತನು ನಾಟ್ಯಶಾಸ್ತ್ರದಲ್ಲಿ ೩೬ ಬಗೆಯ ದೃಷ್ಟಿಗಳನ್ನು ಎಣಿಸಿಟ್ಟಿದ್ದಾನೆ. ಆದರೆ ಅದು ಎಚ್ಚರದ ಕಣ್ಣಿನ ಲೆಕ್ಕ. ಮಲಗಿದವನ ಕಣ್ಣು ರೆಪ್ಪೆಯ ಕೆಳಗೆ ಏನು ಮಾಡುತ್ತದೆ, ಅದಕ್ಕೂ ಅವನ ಸುಖದುಃಖಗಳಿಗೂ ಏನು ಸಂಬಂಧ ಎಂಬ ಲೆಕ್ಕವನ್ನು ಹಿಡಿಯಲು ದಾರಿ ತೆರೆದದ್ದು ಕ್ಲೈಟ್‌ಮನ್ನರ ಪ್ರಯೋಗಶಾಲೆ. ಅದೂ ಕನಸಿನ ಅರ್ಥಗಾರಿಕೆಯಲ್ಲಿ ಎಳ್ಳಷ್ಟೂ ಒಲವಿಲ್ಲದ ಮನುಷ್ಯರೊಬ್ಬರ ಪ್ರಯೋಗಶಾಲೆ. ಈ ವಿಪರ್ಯಾಸವೇ ಅವರ ಬಾಳಿನ ಸ್ವಾರಸ್ಯವೆಂದು ನನಗೆ ತೋರುತ್ತದೆ.

ಕ್ಲೈಟ್‌ಮನ್ನರು ಹುಟ್ಟಿದ್ದು ೧೮೯೫ರ ಏಪ್ರಿಲ್ ೨೬ರಂದು, ಆಗಿನ ರಷ್ಯಾ ಚಕ್ರಾಧಿಪತ್ಯದ ಬೆಸರೇಬಿಯ ಪ್ರಾಂತದ ಕಿಷಿನೆವ್ ಪಟ್ಟಣದಲ್ಲಿ. ಇಂದು ಆ ಊರು ಮಾಲ್ಡೋವ ದೇಶದ ರಾಜಧಾನಿ. ಮನೆತನ ಯೆಹೂದಿಗಳದು, ತಂದೆಯ ಮುಖ ಕಂಡ ನೆನಪು ಉಳಿಯುವ ಮುನ್ನವೇ ತಂದೆ ಇಲ್ಲವಾಗಿದ್ದರು. ಹುಡುಗನಿಗೆ ಎಂಟು ತುಂಬುವ ಹೊತ್ತಿಗೆ, ೧೯೦೩ರ ಏಪ್ರಿಲಿನಲ್ಲಿ, ಈಸ್ಟರ್ ಹಬ್ಬದ ದಿನಗಳಲ್ಲಿ ಆ ಊರಿನ ಯೆಹೂದಿಗಳ ಮೇಲೆ ಜನರ ಗುಂಪು ಬಿದ್ದಿತು. ೪೯ ಮಂದಿ ಸತ್ತರು. ನೂರಾರು ಜನ ಗಾಯಗೊಂಡರು. ಮನೆಗಳೂ ಅಂಗಡಿಗಳೂ ಸಾಲುಸಾಲಾಗಿ ಸೂರೆಯಾದವು. ಆ ಸುದ್ದಿ ಯೂರೋಪು ಅಮೆರಿಕಗಳನ್ನು ನಡುಗಿಸಿತು. ಈ ಬಾಲ್ಯಕ್ಕೂ ಮುಂದಿನ ವಿಜ್ಞಾನಕ್ಕೂ ಗಂಟು ಹಾಕಿ ಒಂದು ಕಥೆ ಹೆಣೆಯುವ ಆಸೆ ಜೀವನಚರಿತ್ರೆ ಬರೆಯುವವನಿಗೆ ಸಹಜವಾಗಿಯೇ ಉಂಟಾಗುತ್ತದೆ. ನಾನು ಅದನ್ನು ಮಾಡಲಾರೆ. ಅಳತೆಗೆ ಸಿಕ್ಕದ ಮಾತನ್ನು ಆಡಬಾರದೆಂದು ಬಾಳೆಲ್ಲ ಹಟ ಹಿಡಿದವರ ಕಥೆಯಲ್ಲಿ ಅಂಥ ಗಂಟು ಅವರಿಗೇ ಒಪ್ಪಿಗೆಯಾಗುತ್ತಿರಲಿಲ್ಲ. ಆದರೆ ಓದುಗರು ಆ ಊರನ್ನೂ ಆ ವರ್ಷವನ್ನೂ ಮನಸ್ಸಿನಲ್ಲಿಟ್ಟುಕೊಂಡಿರಲಿ.

೧೯೧೨ರಲ್ಲಿ ಯುವಕ ಕ್ಲೈಟ್‌ಮನ್ ಪ್ಯಾಲೆಸ್ತೀನಿನ ಕಡೆಗೆ ಹೊರಟರು. ವೈದ್ಯಶಾಸ್ತ್ರ ಕಲಿಯಬೇಕೆಂಬ ಹಂಬಲದಿಂದ ಬೇರೂತಿನ ಕಾಲೇಜನ್ನು ಸೇರಿದರು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ. ತುರ್ಕಿಯ ಆಳ್ವಿಕೆಯಲ್ಲಿದ್ದ ಆ ನೆಲದಲ್ಲಿ ರಷ್ಯಾದ ಪ್ರಜೆ ಶತ್ರುವಿನ ಕಡೆಯವನೆನಿಸಿದ. ಅಲ್ಲಿಂದಲೂ ಹೊರಬಿದ್ದು ೧೯೧೫ರಲ್ಲಿ ನ್ಯೂಯಾರ್ಕಿನ ದಡ ಮುಟ್ಟಿದಾಗ ಅವರಿಗೆ ೨೦ ವರ್ಷ, ಜೇಬು ಬರಿದು. ಆ ಮೇಲಿನದು ಅಮೆರಿಕ ಸೇರಿದ ಎಷ್ಟೋ ಬಡ ವಿದ್ಯಾರ್ಥಿಗಳ ಕಥೆಯೇ. ನ್ಯೂಯಾರ್ಕ್ ಸಿಟಿ ಕಾಲೇಜಿನಿಂದ ೧೯೧೯ರಲ್ಲಿ ಪದವಿ, ಮರುವರ್ಷ ಕೊಲಂಬಿಯದಿಂದ ಎಂ.ಎ., ೧೯೨೩ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್. ೧೯೨೫ರಲ್ಲಿ ಅಲ್ಲಿಯೇ ಅಧ್ಯಾಪಕರಾದರು. ೧೯೬೦ರಲ್ಲಿ ನಿವೃತ್ತರಾಗುವವರೆಗೂ ಆ ಸ್ಥಳವನ್ನು ಬಿಡಲಿಲ್ಲ.

ಡಾಕ್ಟರೇಟಿಗೆ ಆರಿಸಿಕೊಂಡ ವಿಷಯ ನಿದ್ರಾಭಂಗದ್ದು. ಆ ಕಾಲದ ಶರೀರಶಾಸ್ತ್ರಜ್ಞರು ಹೃದಯವನ್ನು ಬಲ್ಲರು, ಜಠರವನ್ನು ಬಲ್ಲರು. ನಿದ್ರೆಯೆಂದರೆ ಅವರಿಗೆ ಅಂಗಡಿ ಮುಚ್ಚಿದ ಹೊತ್ತು, ಅಷ್ಟೆ. ಮುಚ್ಚಿದ ಅಂಗಡಿಯ ಮುಂದೆ ನಿಂತು ಯಾರು ಏನನ್ನು ಕೊಳ್ಳಬೇಕು? ಕ್ಲೈಟ್‌ಮನ್ನರು ನಿಂತರು. ತಮ್ಮನ್ನೂ ಕೆಲವು ಗೆಳೆಯರನ್ನೂ ದಿನಗಟ್ಟಲೆ ನಿದ್ರೆಯಿಲ್ಲದೆ ಇರಿಸಿ ನಾಡಿ, ರಕ್ತ, ಉಸಿರು ಎಲ್ಲವನ್ನೂ ಅಳೆದರು. ಒಮ್ಮೆ ಅವರು ೧೮೦ ಗಂಟೆಗಳ ಕಾಲ ಕಣ್ಣು ಮುಚ್ಚದೆ ಕಳೆದದ್ದುಂಟು. ನಮ್ಮಲ್ಲಿ ಅರ್ಜುನನಿಗೆ ಗುಡಾಕೇಶನೆಂಬ ಬಿರುದಿದೆ, ನಿದ್ರೆಯನ್ನು ಗೆದ್ದವನೆಂದು. ಆದರೆ ಕ್ಲೈಟ್‌ಮನ್ನರಿಗೆ ಗೆಲ್ಲುವ ಇಚ್ಛೆಯಿರಲಿಲ್ಲ. ಸೋಲುವ ರೀತಿಯನ್ನು ಬರೆದಿಡುವ ಇಚ್ಛೆ. ಹಾಗೆ ಬರೆಯುತ್ತ ಹೋದಾಗ ಒಂದು ವಿಚಿತ್ರ ಕಂಡಿತು. ಜಾಗರಣೆ ಬೆಳೆದಂತೆಲ್ಲ ತೂಕಡಿಕೆ ಒಂದೇ ಸಮನೆ ಏರುತ್ತ ಹೋಗುವುದಿಲ್ಲ. ರಾತ್ರಿ ಹೆಚ್ಚಿ, ಬೆಳಗಾದ ಮೇಲೆ ಇಳಿದು, ಮತ್ತೆ ರಾತ್ರಿ ಹೆಚ್ಚುತ್ತದೆ. ಶಿವರಾತ್ರಿಯ ಜಾಗರಣೆ ಮಾಡಿದವರಿಗೆಲ್ಲ ಇದು ಗೊತ್ತಿರುವುದೇ. ದಣಿವಿನಿಂದ ದೇಹದಲ್ಲಿ ಕೂಡುವ ಯಾವುದೋ ವಿಷವೇ ನಿದ್ರೆಗೆ ಕಾರಣವೆಂಬ ಆಗಿನ ವಾದಕ್ಕೆ ಮಾತ್ರ ಇದು ಹೊಂದಿಕೊಳ್ಳಲಿಲ್ಲ. ದೇಹದೊಳಗೆ ಗಡಿಯಾರವೊಂದಿದೆಯೆಂಬ ಗುಮಾನಿ ಅಲ್ಲಿಂದ ಬೆಳೆಯಿತು.

ಆ ಗಡಿಯಾರವನ್ನು ಪರೀಕ್ಷಿಸಲು ಅವರು ಮಾಡಿದ ಸಾಹಸ ಪತ್ರಿಕೆಗಳವರಿಗೆ ಹಬ್ಬವಾಯಿತು. ೧೯೩೮ರ ಜೂನ್ ೪ರಂದು, ೪೩ ವರ್ಷದ ಪ್ರೊಫೆಸರರು ಬ್ರೂಸ್ ರಿಚರ್ಡ್‌ಸನ್ ಎಂಬ ತರುಣ ಶಿಷ್ಯನೊಡನೆ ಕೆಂಟಕಿ ಸಂಸ್ಥಾನದ ಮ್ಯಾಮತ್ ಗುಹೆಯೊಳಗೆ ಇಳಿದರು. ಅಲ್ಲಿ ಸೂರ್ಯನಿಲ್ಲ, ಸದ್ದಿಲ್ಲ. ಹಗಲೂ ಇರುಳೂ ಸುಮಾರು ೧೨ ಡಿಗ್ರಿ ಸೆಲ್ಸಿಯಸ್‌ನ ಒಂದೇ ತಂಪು. ಎರಡು ಮಂಚ, ಮೇಜು, ಕುರ್ಚಿ, ದೀಪ. ಇಲಿಗಳು ಹತ್ತಿ ಬರದಂತೆ ಮಂಚದ ಕಾಲುಗಳನ್ನು ಡಬ್ಬಿಗಳೊಳಗೆ ನಿಲ್ಲಿಸಿದ್ದರು. ನಮ್ಮ ಅಡುಗೆಮನೆಗಳಲ್ಲಿ ಇರುವೆ ಮುತ್ತದಂತೆ ಬೀರುವಿನ ಕಾಲಿಗೆ ನೀರಿನ ಬಟ್ಟಲು ಇಡುತ್ತಿದ್ದ ಹಾಗೆ. ಅಲ್ಲಿ ೨೪ ಗಂಟೆಯ ದಿನವನ್ನು ಕೈಬಿಟ್ಟು ೨೮ ಗಂಟೆಯ ದಿನವನ್ನು ಆಚರಿಸಿದರು: ೧೯ ಗಂಟೆ ಎಚ್ಚರ, ೯ ಗಂಟೆ ಹಾಸಿಗೆ. ಲೆಕ್ಕ ಹಾಕಿದರೆ ವಾರಕ್ಕೆ ಆರೇ ದಿನ. ಹೀಗೆ ೩೨ ದಿನ. ಮೈಶಾಖ ಹೊಸ ದಿನಚರಿಗೆ ಒಗ್ಗುತ್ತದೆಯೇ, ಇಲ್ಲವೇ ಎಂಬುದು ಪ್ರಶ್ನೆ. ತರುಣ ರಿಚರ್ಡ್‌ಸನ್ನನ ದೇಹ ಒಂದು ವಾರದಲ್ಲಿ ೨೮ ಗಂಟೆಗೆ ಹೊಂದಿಕೊಂಡಿತು. ಗುರುಗಳ ದೇಹವೋ, ಕತ್ತಲ ಗುಹೆಯಲ್ಲಿಯೂ ಷಿಕಾಗೊ ನಗರದ ಸೂರ್ಯೋದಯ ಸೂರ್ಯಾಸ್ತಗಳನ್ನು ಬಿಡಲೊಲ್ಲದೆ ೨೪ ಗಂಟೆಯ ಹಳೆಯ ತಾಳವನ್ನೇ ಹಿಡಿದು ನಿಂತಿತು. ಗಡ್ಡ ಬೆಳೆಸಿಕೊಂಡು ಹೊರಬಂದ ಇಬ್ಬರ ಚಿತ್ರಗಳೂ ಪತ್ರಿಕೆಗಳಲ್ಲಿ ಬಂದವು. ಇಬ್ಬರಲ್ಲಿ ಒಬ್ಬರದು ಹೌದೆಂದಿತು, ಒಬ್ಬರದು ಇಲ್ಲವೆಂದಿತು. ಶಾಸ್ತ್ರದ ದೃಷ್ಟಿಯಿಂದ ಇದು ಗೆಲುವಲ್ಲ. ಆದರೆ ತಮಗೆ ಪ್ರತಿಕೂಲವಾದ ಅಂಕಿಯನ್ನು ಅನುಕೂಲವಾದುದರ ಪಕ್ಕದಲ್ಲಿಯೇ ಅಚ್ಚುಹಾಕಿಸಿದ್ದರಲ್ಲಿ ಮನುಷ್ಯನ ಗುಣ ಕಾಣುತ್ತದೆ.

೧೯೩೯ರಲ್ಲಿ ನಿದ್ರೆ ಮತ್ತು ಎಚ್ಚರವನ್ನು ಕುರಿತ ಅವರ ಮಹಾಗ್ರಂಥ ಹೊರಬಂದಿತು. ಅದರಲ್ಲಿ ಅವರು ಪ್ರಶ್ನೆಯನ್ನೇ ತಿರುವಿ ಹಾಕಿದ್ದರು. ವಿವರಿಸಬೇಕಾದದ್ದು ನಿದ್ರೆಯನ್ನಲ್ಲ, ಎಚ್ಚರವನ್ನು ಎಂಬುದು ಅವರ ವಾದ. ಹೊರಗಿನಿಂದ ಪ್ರಚೋದನೆ ಬರುವಷ್ಟು ಕಾಲ ಮಿದುಳು ಎಚ್ಚರವಾಗಿರುತ್ತದೆ; ಅದು ನಿಂತರೆ ದೀಪದ ಎಣ್ಣೆ ತೀರಿದಂತೆ ತಾನಾಗಿ ನಿದ್ರೆಗೆ ಇಳಿಯುತ್ತದೆ. ನಿದ್ರೆಯೆಂಬುದು ಒಂದೇ ಬಗೆಯ, ಏನೂ ನಡೆಯದ ಸ್ಥಿತಿ. ಈ ಸೊಗಸಾದ ವಾದವನ್ನು ಮುರಿದದ್ದು ಯಾವ ಪ್ರತಿಪಕ್ಷಿಯೂ ಅಲ್ಲ. ಅವರದೇ ಕೋಣೆಗೆ ಬಂದ ಒಬ್ಬ ವಿದ್ಯಾರ್ಥಿ.

ಯೂಜಿನ್ ಅಸೆರಿನ್ಸ್ಕಿ ಬ್ರೂಕ್ಲಿನ್‌ನಲ್ಲಿ ೧೯೨೧ರಲ್ಲಿ ಹುಟ್ಟಿದವನು. ತಂದೆ ಹಲ್ಲಿನ ವೈದ್ಯ. ಒಂದೆರಡು ಕಾಲೇಜು ಹತ್ತಿ ಇಳಿದು, ಯುದ್ಧಕಾಲದಲ್ಲಿ ಇಂಗ್ಲೆಂಡಿನಲ್ಲಿ ಸ್ಫೋಟಕಗಳನ್ನು ಸಾಗಿಸುವ ಸೈನಿಕನಾಗಿ, ಮೂವತ್ತರ ಹತ್ತಿರ ಬಂದರೂ ಕೈಯಲ್ಲಿ ಒಂದು ಪದವಿಯಿಲ್ಲದವನು. ಮನೆಯಲ್ಲಿ ಹೆಂಡತಿ ಮತ್ತು ಒಬ್ಬ ಮಗ. ಸೈನ್ಯದ ಹಳೆಯ ಶೆಡ್ಡಿನಲ್ಲಿ ಬಿಡಾರ. ನಿದ್ರೆಯ ವಿಷಯ ಅವನಿಗೆ ಬೇಕಾಗಿರಲಿಲ್ಲ. ಸದಾ ಮುಚ್ಚಿದ ಬಾಗಿಲ ಹಿಂದೆ ಕುಳಿತಿರುತ್ತಿದ್ದ ಬಿಗುಮಾನದ ಕ್ಲೈಟ್‌ಮನ್ನರೂ ಬೇಕಾಗಿರಲಿಲ್ಲ. ಬೇರೆ ಗುರುಗಳು ಸಿಗದುದರಿಂದ ಬಂದವನು. ಆದರೆ ಆ ಬಿಗುಮಾನದವರೇ ಶಿಷ್ಯನ ಕಷ್ಟ ತಿಳಿದು ೧೦೦ ಡಾಲರ್ ಕೈಗಡ ಕೊಟ್ಟದ್ದನ್ನೂ ಇಲ್ಲಿ ಹೇಳದಿದ್ದರೆ ನ್ಯಾಯವಾಗುವುದಿಲ್ಲ.

ರೈಲಿನಲ್ಲಿ ಎದುರಿಗೆ ಕುಳಿತು ತೂಕಡಿಸುತ್ತಿದ್ದ ಪ್ರಯಾಣಿಕನೊಬ್ಬನ ಎವೆಯ ಮಿಟುಕನ್ನು ಗಮನಿಸಿದ ಭೌತಶಾಸ್ತ್ರಜ್ಞರೊಬ್ಬರು ಅದರ ವಿಷಯ ಒಂದು ಪುಟ್ಟ ಟಿಪ್ಪಣಿ ಬರೆದಿದ್ದರು. ಅದನ್ನು ಓದಿದ್ದ ಕ್ಲೈಟ್‌ಮನ್ನರು ಶಿಷ್ಯನಿಗೆ ಕೊಟ್ಟ ಕೆಲಸ ಇಷ್ಟೆ: ಮಲಗುವ ಹಸುಗೂಸುಗಳ ಪಕ್ಕದಲ್ಲಿ ಕುಳಿತು ಎವೆಯಾಡುವುದು ಹೇಗೆ ನಿಲ್ಲುತ್ತದೆಂದು ನೋಡು. ದಮಯಂತಿಯು ಐವರು ನಳರ ನಡುವೆ ನಿಜವಾದ ನಳನನ್ನು ಗುರುತಿಸಿದ್ದು ಅವನ ಎವೆಯಾಡಿದ್ದರಿಂದ, ದೇವತೆಗಳು ಅನಿಮಿಷರು. ಎವೆಯನ್ನು ನೋಡುವುದರಿಂದ ದೊಡ್ಡ ಸತ್ಯ ಹೊರಬೀಳಬಹುದೆಂದು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಅಸೆರಿನ್ಸ್ಕಿಗೆ ತಿಂಗಳುಗಳ ಕಾಲ ಅದು ಶಿಕ್ಷೆಯಾಗಿತ್ತು. ಮಿಟುಕು ಯಾವುದು, ಕಣ್ಣುಗುಡ್ಡೆಯ ಹೊರಳಾಟದಿಂದಾದ ಅದಿರು ಯಾವುದೆಂದು ಬಿಡಿಸಲಾಗದೆ, ಕಡೆಗೆ ಕಣ್ಣಿನ ಎಲ್ಲ ಚಲನೆಗಳನ್ನೂ ಬರೆದಿಡುವುದಾಗಿ ಗುರುಗಳನ್ನು ಒಪ್ಪಿಸಿದ. ಆಗ ಕಂಡದ್ದು: ಮಲಗಿದ ಕೂಸಿನ ಕಣ್ಣುಗಳು ಗಂಟೆಗೊಂದು ಸಲ ಸುಮಾರು ೨೦ ನಿಮಿಷ ಸಂಪೂರ್ಣ ನಿಶ್ಚಲವಾಗುತ್ತವೆ, ಆಮೇಲೆ ಮತ್ತೆ ಆಡತೊಡಗುತ್ತವೆ. ಕೂಸು ನಿದ್ದೆಯಲ್ಲಿ ನಕ್ಕರೆ ದೇವರು ಆಡಿಸುತ್ತಿದ್ದಾನೆಂದು ನಮ್ಮ ಮನೆಗಳ ಹಿರಿಯ ಹೆಂಗಸರು ಹೇಳುವುದುಂಟು. ತೊಟ್ಟಿಲ ಪಕ್ಕದಲ್ಲಿ ಕುಳಿತ ತಾಯಂದಿರೆಲ್ಲ ಯುಗಯುಗಗಳಿಂದ ಕಂಡದ್ದಕ್ಕೆ ಗಡಿಯಾರವನ್ನು ಹಿಡಿದವನು ಇವನೇ ಮೊದಲಿಗ.

೧೯೫೧ರ ಡಿಸೆಂಬರಿನ ಒಂದು ರಾತ್ರಿ ವಿಶ್ವವಿದ್ಯಾನಿಲಯದ ಆಬಟ್ ಹಾಲಿನಲ್ಲಿ ಅವನು ತನ್ನ ಎಂಟು ವರ್ಷದ ಮಗನನ್ನು ಮಲಗಿಸಿದ. ಕಟ್ಟಡದಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಮಿದುಳಲೆಯ ಯಂತ್ರವೊಂದನ್ನು ಎಳೆತಂದು ರಿಪೇರಿ ಮಾಡಿಕೊಂಡಿದ್ದ. ಕಣ್ಣುಗುಡ್ಡೆಯೆಂಬುದು ಪುಟ್ಟದೊಂದು ವಿದ್ಯುತ್ಕೋಶ. ಅದರ ಮುಂಭಾಗ ಧನ, ಹಿಂಭಾಗ ಋಣ. ಕಣ್ಣಿನ ಸುತ್ತ ತಂತಿ ಅಂಟಿಸಿದರೆ ಗುಡ್ಡೆ ಹೊರಳಿದಂತೆಲ್ಲ ಯಂತ್ರದ ಲೇಖನಿ ಕಾಗದದ ಮೇಲೆ ಏರಿಳಿಯುತ್ತದೆ. ಹುಡುಗ ನಿದ್ರೆಹೋದ, ಗೆರೆಗಳು ಸಮವಾದವು. ಬಹಳ ಹೊತ್ತಾದ ಮೇಲೆ ಲೇಖನಿಗಳು ಇದ್ದಕ್ಕಿದ್ದಂತೆ ಕುಣಿಯತೊಡಗಿದವು. ಮಗ ಎದ್ದಿರಬೇಕೆಂದು ತಂದೆ ಒಳಗೆ ಹೋಗಿ ನೋಡಿದರೆ ಹುಡುಗ ಗಾಢನಿದ್ರೆಯಲ್ಲಿದ್ದಾನೆ! ಯಂತ್ರವೇ ಕೆಟ್ಟಿತೆಂದು ಅಸೆರಿನ್ಸ್ಕಿ ಭಾವಿಸಿದ. ಎರಡು ಕಣ್ಣುಗಳಿಗೂ ಬೇರೆಬೇರೆ ತಂತಿ ಹೂಡಿ ಪರೀಕ್ಷಿಸಿದ. ಒಂದು ರಾತ್ರಿಗೆ ಅರ್ಧ ಮೈಲಿಯಷ್ಟು ಕಾಗದ ಓಡುತ್ತಿತ್ತು. ಅಷ್ಟುದ್ದವನ್ನೂ ಕಣ್ಣಿನಿಂದ ಓದಬೇಕು. ಕುಣಿತ ಮಾತ್ರ ಮತ್ತೆಮತ್ತೆ ಬಂದಿತು, ದೊಡ್ಡವರಲ್ಲಿಯೂ ಬಂದಿತು; ರಾತ್ರಿಗೆ ನಾಲ್ಕೈದು ಸಲ. ಆಗ ಉಸಿರೂ ನಾಡಿಯೂ ಚುರುಕಾಗುತ್ತಿದ್ದವು. ಒಬ್ಬ ಮನುಷ್ಯನ ಲೇಖನಿಗಳು ಹುಚ್ಚೆದ್ದು ಹೊಯ್ದಾಡುತ್ತಿದ್ದಾಗ ಅವನು ನಿದ್ರೆಯಲ್ಲಿಯೇ ಕೂಗಿಕೊಂಡ. ಎಬ್ಬಿಸಿ ಕೇಳಿದರೆ ಘೋರವಾದ ದುಃಸ್ವಪ್ನ. ಕಣ್ಣಿನ ಚಲನೆಗೂ ಅಂತರಂಗದ ಕೋಲಾಹಲಕ್ಕೂ ಸಂಬಂಧವಿದೆಯೆಂಬುದಕ್ಕೆ ಕಾಗದದ ಮೇಲೆ ಮೂಡಿದ ಮೊದಲ ಸಾಕ್ಷಿ ಅದು.

ಕ್ಲೈಟ್‌ಮನ್ನರು ಕುಣಿದಾಡಲಿಲ್ಲ. ನಂಬಲೂ ಇಲ್ಲ. ಚಲನಚಿತ್ರ ತೆಗೆದು ತೋರಿಸಿದ ಮೇಲೂ ತೃಪ್ತಿಯಾಗದೆ, ತಮ್ಮ ಮಗಳನ್ನೇ ತಂದು ಆ ಹಾಸಿಗೆಯ ಮೇಲೆ ಮಲಗಿಸಿ, ತಾವೇ ಕುಳಿತು ನೋಡಿದರು. ಶಿಷ್ಯನಿಗೆ ಇದು ಅವಮಾನವೆನಿಸಿದ್ದರೆ ಆಶ್ಚರ್ಯವಿಲ್ಲ. ಗುರುವಿನ ಕಡೆಯಿಂದಲೂ ನೋಡಬೇಕು: ಈ ಕಾಗದದ ಸುರುಳಿ ನಿಜವಾದರೆ ಇಪ್ಪತ್ತೈದು ವರ್ಷದ ತಮ್ಮ ಸಿದ್ಧಾಂತ ಸುಳ್ಳು. ಸ್ವಂತ ಮಗಳ ಕಣ್ಣುಗಳೇ ತಮ್ಮ ಪುಸ್ತಕಕ್ಕೆ ವಿರುದ್ಧವಾಗಿ ಸಾಕ್ಷಿ ನುಡಿದಾಗ ಅವರು ಸಾಕ್ಷಿಯ ಕಡೆಗೆ ನಿಂತರು.

೧೯೫೩ರ ಸೆಪ್ಟೆಂಬರ್ ೪ರ ಸೈನ್ಸ್ ಪತ್ರಿಕೆಯಲ್ಲಿ ಲೇಖನ ಬಂದಿತು. ಮೊದಲ ಹೆಸರು ಶಿಷ್ಯನದು, ಎರಡನೆಯದು ಗುರುವಿನದು. ಕಣ್ಣು ಚಲಿಸುತ್ತಿದ್ದಾಗ ೨೭ ಸಲ ಎಬ್ಬಿಸಿ ಕೇಳಿದ್ದರು. ೨೦ ಸಲ ವಿವರವಾದ ಕನಸುಗಳನ್ನು ಹೇಳಿದರು. ನಿಶ್ಚಲವಾಗಿದ್ದಾಗ ಎಬ್ಬಿಸಿದ್ದು ೨೩ ಸಲ. ೧೯ ಸಲ ಏನೊಂದೂ ನೆನಪಿಲ್ಲ. ಇಂಗ್ಲಿಷಿನಲ್ಲಿ ಆ ಚಲನೆಗೆ ಸರಿಯಾದ ಮಾತು ಜರ್ಕ್ ಎಂಬುದಿತ್ತು. ಆಡುಮಾತಿನಲ್ಲಿ ಅದು ಬೈಗುಳವೂ ಹೌದಾದ್ದರಿಂದ ಅಸೆರಿನ್ಸ್ಕಿ ಅದನ್ನು ಬಿಟ್ಟು ಕ್ಷಿಪ್ರವಾದ ಚಲನೆಯೆಂದು ಬರೆದ. ಹೀಗೆ ಕ್ಷಿಪ್ರನೇತ್ರಚಲನೆಯ ನಿದ್ರೆ, ಇಂದು ಎಲ್ಲರೂ ರೆಮ್ ನಿದ್ರೆಯೆನ್ನುವುದು, ನಾಮಕರಣ ಪಡೆಯಿತು. ಪದವಿ ಕೈಗೆ ಬಂದೊಡನೆ ಅಸೆರಿನ್ಸ್ಕಿ ಊರು ಬಿಟ್ಟ. ಸಿಯಾಟಲ್‌ನಲ್ಲಿ ಸಾಲ್ಮನ್ ಮೀನುಗಳಿಗೆ ವಿದ್ಯುತ್ತು ಹರಿಸಿ ನೋಡುವ ಕೆಲಸ ಹಿಡಿದ; ಅನಂತರ ಫಿಲಡೆಲ್ಫಿಯದಲ್ಲಿ ಅಧ್ಯಾಪಕನಾದ. ಆ ರಾತ್ರಿ ತಂತಿ ಅಂಟಿಸಿಕೊಂಡು ಮಲಗಿದ್ದ ಹುಡುಗ ಬೆಳೆದು ಮಾನಸಿಕ ಚಿಕಿತ್ಸೆಯನ್ನೇ ವೃತ್ತಿಯಾಗಿ ಹಿಡಿದ.

ಕೆಲಸವನ್ನು ಮುಂದುವರಿಸಿದವರು ವಿಲಿಯಂ ಡೆಮೆಂಟ್ ಎಂಬ ವೈದ್ಯವಿದ್ಯಾರ್ಥಿ. ಫ್ರಾಯ್ಡನನ್ನು ಓದಿ ಕನಸಿನ ಹುಚ್ಚು ಹಿಡಿಸಿಕೊಂಡಿದ್ದ ತರುಣ. ಗುರುಗಳಿಗೋ ಆ ಹುಚ್ಚಿನ ಸೋಂಕೂ ಇಲ್ಲ. ಈ ವಿಷಮ ಜೋಡಿ ೧೯೫೭ರಲ್ಲಿ ಇಡೀ ರಾತ್ರಿಯ ನಿದ್ರೆಯ ನಕ್ಷೆಯನ್ನು ಬಿಡಿಸಿತು. ಸುಮಾರು ೯೦ ನಿಮಿಷಕ್ಕೊಂದು ಆವರ್ತ. ಪ್ರತಿ ಆವರ್ತದ ಕೊನೆಗೆ ಕಣ್ಣಿನ ಆಟ. ಬೆಳಗಿನ ಜಾವಕ್ಕೆ ಅದು ದೀರ್ಘ. ಅದೇ ವರ್ಷ ಇನ್ನೊಂದು ಲೇಖನದಲ್ಲಿ, ಕಣ್ಣು ಹೊರಳುವ ದಿಕ್ಕಿಗೂ ಕನಸಿನಲ್ಲಿ ಕಾಣುವ ನೋಟಕ್ಕೂ ತಾಳೆಯಿರಬಹುದೆಂದು ಸೂಚಿಸಿದರು. ಎಡಕ್ಕೂ ಬಲಕ್ಕೂ ಸಮನಾಗಿ ಕಣ್ಣಾಡಿಸುತ್ತಿದ್ದವನನ್ನು ಎಬ್ಬಿಸಿದರೆ ಅವನು ಇಬ್ಬರು ಒಬ್ಬರ ಮೇಲೊಬ್ಬರು ಟೊಮೇಟೊ ಎಸೆದಾಡುವುದನ್ನು ನೋಡುತ್ತಿದ್ದನಂತೆ. ಇದರ ಮೇಲೆ ಮುಂದೆ ದಶಕಗಳ ಕಾಲ ವಾದ ನಡೆಯಿತು. ೧೯೫೯ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಮಿಷೆಲ್ ಜೂವೆ, ಬೆಕ್ಕುಗಳಲ್ಲಿ ಈ ಹೊತ್ತಿನಲ್ಲಿ ಮಿದುಳು ಎಚ್ಚರದಂತೆ ಚಟುವಟಿಕೆಯಿಂದಿರುವಾಗ ಮೈಯ ಸ್ನಾಯುಗಳೆಲ್ಲ ಸಡಿಲವಾಗಿ ಬಿದ್ದಿರುವುದನ್ನು ಕಂಡು, ಇದು ನಿದ್ರೆಯೂ ಅಲ್ಲದ, ಎಚ್ಚರವೂ ಅಲ್ಲದ ಮೂರನೆಯ ಅವಸ್ಥೆಯೆಂದರು. ಜಾಗ್ರತ್, ಸ್ವಪ್ನ, ಸುಷುಪ್ತಿಗಳೆಂದು ಮಾಂಡೂಕ್ಯದ ಕಾಲದಿಂದಲೂ ಎಣಿಸಿಕೊಂಡು ಬಂದ ನಮಗೆ ಈ ಮೂರನೆಯದು ಹೊಸದಲ್ಲವೆನ್ನಬಹುದು. ಹಾಗೆಂದು ನಮ್ಮವರು ಮೊದಲೇ ಕಂಡಿದ್ದರೆಂದು ಬೀಗುವವರ ಸಾಲಿನಲ್ಲಿ ನಾನು ನಿಲ್ಲಲಾರೆ. ಹೆಸರಿಡುವುದು ಬೇರೆ, ಅರ್ಧ ಮೈಲಿ ಕಾಗದವನ್ನು ಓದುವುದು ಬೇರೆ.

ಕ್ಲೈಟ್‌ಮನ್ನರು ೧೯೬೩ರಲ್ಲಿ ತಮ್ಮ ಗ್ರಂಥವನ್ನು ಪರಿಷ್ಕರಿಸಿದರು. ಆಧಾರಗ್ರಂಥಗಳ ಪಟ್ಟಿಯೇ ನಾಲ್ಕು ಸಾವಿರವನ್ನು ದಾಟಿತ್ತು. ಕನಸಿನ ವಿಷಯದಲ್ಲಿ ಮಾತ್ರ ಅವರ ನಿಲುವು ಬದಲಾಗಲಿಲ್ಲ. ಮಿದುಳು ಅರೆಬರೆಯಾಗಿ ಕೆಲಸಮಾಡುವಾಗ ಹುಟ್ಟುವ ಕೀಳುತರದ ಯೋಚನೆಯೇ ಕನಸು, ಅದಕ್ಕೊಂದು ಉದ್ದೇಶವಿರಲೇಬೇಕೆಂದಿಲ್ಲ. ೯೦ ನಿಮಿಷದ ಆವರ್ತ ಹಗಲಿನಲ್ಲಿಯೂ ವಿಶ್ರಾಂತಿ ಮತ್ತು ಚಟುವಟಿಕೆಗಳ ಮೂಲತಾಳವಾಗಿ ನಡೆಯುತ್ತಿರುತ್ತದೆಂಬುದರಲ್ಲಿ ಅವರಿಗೆ ಹೆಚ್ಚು ಆಸಕ್ತಿ. ಈ ನಿಲುವನ್ನು ಕಾಲ ಪೂರ್ತಿಯಾಗಿ ಒಪ್ಪಲಿಲ್ಲವೆಂದೇ ಹೇಳಬೇಕು. ಷಿಕಾಗೊ ನಗರದಲ್ಲಿಯೇ ರೋಸಲಿಂಡ್ ಕಾರ್ಟ್‌ರೈಟ್ ಎಂಬ ವಿದುಷಿ, ವಿವಾಹವಿಚ್ಛೇದದ ದುಃಖದಿಂದ ಕುಗ್ಗಿದ್ದವರನ್ನು ರೆಮ್ ನಿದ್ರೆಯಿಂದ ಎಬ್ಬಿಸಿ ಅವರ ಕನಸುಗಳನ್ನು ಕೇಳಿದರು. ಅಗಲಿದ ಸಂಗಾತಿಯನ್ನು ಕನಸಿನಲ್ಲಿ ಕಂಡವರು, ಕಾಣದವರಿಗಿಂತ ಹೆಚ್ಚಾಗಿ ಒಂದು ವರ್ಷದಲ್ಲಿ ಚೇತರಿಸಿಕೊಂಡಿದ್ದರು. ೧೯೯೬ರಲ್ಲಿ ಬೆಲ್ಜಿಯಂನ ಪಿಯರ್ ಮಾಕೆ ಮತ್ತು ಸಂಗಡಿಗರು ಮಿದುಳಿನ ಚಿತ್ರ ತೆಗೆದು, ಭಯವೇ ಮುಂತಾದ ಭಾವಗಳಿಗೆ ನೆಲೆಯಾದ ಅಮಿಗ್ಡಲ ಎಂಬ ಭಾಗ ರೆಮ್ ನಿದ್ರೆಯಲ್ಲಿ ಉಜ್ಜ್ವಲವಾಗಿರುವುದನ್ನು ತೋರಿಸಿದರು. ಗಾಬರಿಯ ಹೊತ್ತಿನಲ್ಲಿ ಮಿದುಳಿನಲ್ಲಿ ಹರಿಯುವ ನಾರ್‌ಅಡ್ರಿನಲಿನ್ ಎಂಬ ರಸವಾದರೋ ಈ ನಿದ್ರೆಯಲ್ಲಿ ಹೆಚ್ಚುಕಡಿಮೆ ನಿಂತೇ ಹೋಗಿರುತ್ತದೆ. ನೆನಪು ಮರುಕಳಿಸುತ್ತದೆ, ಗ್ರಂಥಿಗಳ ಗಾಬರಿ ಮರುಕಳಿಸುವುದಿಲ್ಲ. ಹಾಗೆ ಇರುಳಿರುಳೂ ನೆನಪಿನ ಮುಳ್ಳು ಮೊಂಡಾಗುತ್ತದೆ, ನೆನಪು ಉಳಿಯುತ್ತದೆ ಎಂಬ ಊಹೆಯನ್ನು ೨೦೦೯ರಲ್ಲಿ ಮ್ಯಾಥ್ಯೂ ವಾಕರ್ ಮೊದಲಾದವರು ಮುಂದಿಟ್ಟರು. ಊಹೆ ಆಕರ್ಷಕ. ಆದರೆ ಖಿನ್ನತೆಯ ರೋಗಿಗಳಲ್ಲಿ ರೆಮ್ ನಿದ್ರೆ ತಡವಾಗುವ ಬದಲು ಬೇಗನೆ ಬಂದುಬಿಡುತ್ತದೆ. ಅದನ್ನು ತಗ್ಗಿಸುವ ಔಷಧಗಳಿಂದಲೇ ಎಷ್ಟೋ ಜನಕ್ಕೆ ಗುಣವಾಗುತ್ತದೆ. ಕತೆ ಅಷ್ಟು ಸರಳವಲ್ಲ.

ಎಚ್ಚರದಲ್ಲಿಯೇ ಕಣ್ಣನ್ನು ಆಡಿಸಿ ಮನಸ್ಸಿನ ಗಾಯಕ್ಕೆ ಮದ್ದು ಮಾಡುವ ಪದ್ಧತಿಯೊಂದು ಈ ನಡುವೆ ಹುಟ್ಟಿತ್ತು. ೧೯೮೭ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಫ್ರಾನ್ಸೀನ್ ಶಪೀರೊ ಎಂಬಾಕೆ ಉದ್ಯಾನದಲ್ಲಿ ನಡೆಯುತ್ತಿದ್ದಾಗ, ಕಾಡುತ್ತಿದ್ದ ಯೋಚನೆಗಳು ತಾವಾಗಿ ಹಗುರಾಗುವುದನ್ನು, ಆ ಹೊತ್ತಿನಲ್ಲಿ ತನ್ನ ಕಣ್ಣುಗಳು ಅತ್ತಿಂದಿತ್ತ ಸರಿಯುತ್ತಿದ್ದುದನ್ನು ಗಮನಿಸಿದರು. ೧೯೮೯ರಲ್ಲಿ ೨೨ ಮಂದಿಯ ಮೇಲಿನ ಪ್ರಯೋಗವನ್ನು ಪ್ರಕಟಿಸಿದರು. ಕ್ಲೈಟ್‌ಮನ್ನರಿಗೆ ಆಗ ೯೪ ವರ್ಷ. ಅವರ ವಿಧಾನದಲ್ಲಿ, ಯುದ್ಧವನ್ನೋ ಅತ್ಯಾಚಾರವನ್ನೋ ಕಂಡು ನೊಂದವನು ಆ ದೃಶ್ಯವನ್ನು ಮನಸ್ಸಿಗೆ ತಂದುಕೊಳ್ಳುತ್ತಾನೆ. ಚಿಕಿತ್ಸಕರು ಅವನ ಮುಖದ ಮುಂದೆ ಬೆರಳುಗಳನ್ನು ಎಡಬಲಕ್ಕೆ ಆಡಿಸುತ್ತಾರೆ. ಅವನ ಕಣ್ಣು ಬೆರಳನ್ನು ಹಿಂಬಾಲಿಸುತ್ತದೆ. ಅರ್ಧ ನಿಮಿಷ; ನಿಲ್ಲಿಸಿ, ಈಗೇನು ತೋರುತ್ತದೆಂದು ಕೇಳುತ್ತಾರೆ; ಮತ್ತೆ ಬೆರಳು. ಬರಬರುತ್ತ ದೃಶ್ಯ ಮಸುಕಾಗುತ್ತದೆ, ಎದೆಯ ಬಿಗಿ ಸಡಿಲುತ್ತದೆ. ೨೦೧೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಘಾತಪೀಡಿತರ ಚಿಕಿತ್ಸೆಗಳಲ್ಲಿ ಇದನ್ನೂ ಸೇರಿಸಿತು. ಕಿಷಿನೆವ್ ಪಟ್ಟಣದಲ್ಲಿ ೧೯೦೩ರಲ್ಲಿ ಮಕ್ಕಳು ಕಂಡಂಥವನ್ನು ಕಂಡವರಿಗೆ ಆ ಕಾಲದಲ್ಲಿ ಇಂಥದೊಂದು ಬೆರಳಿರಲಿಲ್ಲ.

ಈ ಚಿಕಿತ್ಸೆಗೂ ರೆಮ್ ನಿದ್ರೆಗೂ ಒಂದೇ ಬೇರೆಂದು ೨೦೦೨ರಲ್ಲಿ ಹಾರ್ವರ್ಡಿನ ರಾಬರ್ಟ್ ಸ್ಟಿಕ್‌ಗೋಲ್ಡ್ ಸೂಚಿಸಿದರು. ನೋಟವನ್ನು ಮತ್ತೆಮತ್ತೆ ಬೇರೆ ಕಡೆಗೆ ಒಯ್ಯುವುದರಿಂದ ಮಿದುಳು ರೆಮ್ ನಿದ್ರೆಯಂಥ ಸ್ಥಿತಿಗೆ ತಿರುಗಿ, ಒಂಟಿಯಾಗಿ ಉರಿಯುತ್ತಿದ್ದ ನೆನಪು ಉಳಿದ ನೆನಪುಗಳೊಡನೆ ಬೆರೆಯುತ್ತದೆಯೆಂಬುದು ಅವರ ತರ್ಕ. ಒಪ್ಪದವರೂ ಇದ್ದಾರೆ. ಬೆರಳನ್ನು ಹಿಂಬಾಲಿಸುವ ಕಣ್ಣಿನ ಚಲನೆ ಕ್ರಮಬದ್ಧವಾದದ್ದು, ನಿದ್ರೆಯ ಚಲನೆ ಅಂಕೆಯಿಲ್ಲದ ನೆಗೆತ. ಎರಡನ್ನೂ ಒಂದೆನ್ನುವುದು ಹೇಗೆ? ಕಣ್ಣಿನ ಬದಲು ಕೈಮೇಲೆ ಎಡಬಲವಾಗಿ ತಟ್ಟಿದರೂ ಗುಣವಾಗುವುದುಂಟು. ಮನಸ್ಸಿನ ಹಲಗೆ ಚಿಕ್ಕದು. ಬೆರಳನ್ನೂ ನೋಡಬೇಕು, ನೆನಪನ್ನೂ ಹಿಡಿದಿರಬೇಕೆಂದಾಗ ನೆನಪಿನ ಬಣ್ಣ ತೆಳುವಾಗುತ್ತದೆ, ಇಷ್ಟೇ ಇದರ ಗುಟ್ಟೆಂದು ಇನ್ನೊಂದು ಪಕ್ಷ. ಕಣ್ಣಿನ ಚಲನೆ ಇದ್ದರೂ ಇಲ್ಲದಿದ್ದರೂ ಫಲ ಒಂದೇ ಎಂದು ೨೦೦೧ರ ಸಮೀಕ್ಷೆಯೊಂದು ಹೇಳಿದರೆ, ಚಲನೆಯಿಂದ ಹೆಚ್ಚಿನ ಪ್ರಯೋಜನವಿದೆಯೆಂದು ೨೦೧೩ರ ಇನ್ನೊಂದು ಹೇಳಿತು. ೨೦೧೯ರಲ್ಲಿ ಕೊರಿಯದ ಸಂಶೋಧಕರು ಇಲಿಗಳಿಗೆ ಬೆಳಕನ್ನು ಎಡಬಲಗಳಲ್ಲಿ ತೋರಿಸಿ, ಅದರಿಂದ ಭಯವನ್ನು ತಗ್ಗಿಸುವ ನರಮಾರ್ಗವೊಂದನ್ನು ಪತ್ತೆಹಚ್ಚಿದರು. ೨೦೨೨ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಇಬ್ಬರು, ಮಲಗಿದ ಇಲಿಯ ಕಣ್ಣು ಹೊರಳುವ ದಿಕ್ಕಿಗೂ, ಅದರ ಮಿದುಳಿನಲ್ಲಿ ತಲೆ ಯಾವ ಕಡೆ ತಿರುಗಿದೆಯೆಂದು ತಿಳಿಸುವ ಕೋಶಗಳ ಸೂಚನೆಗೂ ಹೊಂದಿಕೆಯಿರುವುದನ್ನು ತೋರಿಸಿದರು. ೧೯೫೭ರ ಟೊಮೇಟೊ ಕನಸಿಗೆ ೬೫ ವರ್ಷಗಳ ಮೇಲೆ ಸಿಕ್ಕ ಬೆಂಬಲವಿದು. ನನ್ನಂಥ ಹೊರಗಿನವನಿಗೆ ತೋರುವುದಿಷ್ಟು: ಈ ವಿವಾದದಲ್ಲಿ ಎರಡು ಪಕ್ಷದವರಿಗೂ ಬೇಕಾಗಿರುವುದು ಮಗಳನ್ನೇ ತಂದು ಮಲಗಿಸಿ ನೋಡಿದ ಆ ಮುದುಕರ ಅಪನಂಬಿಕೆ.

ನಿವೃತ್ತಿಯ ಅನಂತರ ಕ್ಲೈಟ್‌ಮನ್ನರು ಕ್ಯಾಲಿಫೋರ್ನಿಯಕ್ಕೆ ಹೋಗಿ ನೆಲಸಿದ್ದರು. ೧೯೭೭ರಲ್ಲಿ ಹೆಂಡತಿ ಪೌಲೀನ ತೀರಿಕೊಂಡರು. ೧೯೮೨ರಲ್ಲಿ, ೮೭ರ ವಯಸ್ಸಿನಲ್ಲಿ, ತಮ್ಮ ೯೦ ನಿಮಿಷದ ತಾಳವನ್ನು ಕುರಿತು ಮತ್ತೊಂದು ಲೇಖನ ಪ್ರಕಟಿಸಿದರು. ದೂರ ಹೋಗಿದ್ದ ಶಿಷ್ಯ ಅವರಿಗಿಂತ ೨೬ ವರ್ಷ ಕಿರಿಯ. ಆದರೂ ಮೊದಲು ಹೋದವನು ಅವನೇ. ೧೯೯೮ರ ಜುಲೈನಲ್ಲಿ ಕ್ಯಾಲಿಫೋರ್ನಿಯದ ರಸ್ತೆಯಲ್ಲಿ ಅಸೆರಿನ್ಸ್ಕಿ ನಡೆಸುತ್ತಿದ್ದ ಕಾರು ಮರಕ್ಕೆ ಬಡಿದು ಅವನು ಸತ್ತ. ಚಕ್ರ ಹಿಡಿದು ಕುಳಿತಿದ್ದಂತೆಯೇ ನಿದ್ದೆ ಕವಿದಿರಬಹುದೆಂದು ಹೇಳುತ್ತಾರೆ. ಮರುವರ್ಷ ಆಗಸ್ಟ್ ೧೩ರಂದು ಲಾಸ್ ಏಂಜಲಿಸ್‌ನಲ್ಲಿ ಕ್ಲೈಟ್‌ಮನ್ನರು ಕಣ್ಣು ಮುಚ್ಚಿದರು.